ಕಾರಹುಣ್ಣಿಮೆ: ಚಂದ್ರನ ತಿಥಿ, ಸೂರ್ಯನ ಮಳೆ, ವರ್ತಕರ ದಾಸ್ತಾನು

ವರ್ತಕರ ವರ್ಷವು ದೀಪಾವಳಿಯ ಖಾತೆ-ಕೀರ್ದಿಗಳ ಪೂಜೆಯೊಂದಿಗೆ ಆರಂಭವಾಗುತ್ತದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪೇಟೆಗಳ ವಹಿವಾಟು ಬಹುಮಟ್ಟಿಗೆ ಒಕ್ಕಲುತನವನ್ನೇ ಅವಲಂಬಿಸಿದೆ. ಒಕ್ಕಲಿಗರ ಮುಂಗಾರು ಹಬ್ಬಗಳೆಂದರೆ ಜ್ಯೇಷ್ಠ ಮಾಸದ ಕಾರಹುಣ್ಣಿಮೆ ಮತ್ತು ಹದಿನೈದು ದಿನಗಳ ತರುವಾಯ ಬರುವ ಮಣ್ಣೆತ್ತಿನ ಅಮಾವಾಸ್ಯೆ.

ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಹೊಸ ಹಗ್ಗ, ಮೂಗುದಾಣ, ಗೆಜ್ಜೆ, ಗಂಟೆ, ಗೊಂಡೆ, ಝೂಲಗಳಿಂದ ಸಿಂಗರಿಸುತ್ತಾರೆ. ಸಂಜೆ ಊರ ಅಗಸಿಯಲ್ಲಿ ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಪೈರು ಹುಲುಸಾಗುವುದೆಂಬ ನಂಬಿಕೆಯಿದೆ. ಅಮಾವಾಸ್ಯೆಯಂದು ಮನೆಮನೆಗಳಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ.

ದೂರದ ಚೀನಾದಲ್ಲಿಯೂ ವಸಂತಾರಂಭದ ‘ಲಿಚುನ್’ ದಿನದಂದು ಮಣ್ಣಿನ ಎತ್ತನ್ನು ಮಾಡಿ, ಬಾರುಕೋಲಿನಿಂದ ಹೊಡೆದು ಒಡೆಯುವ ವಾಡಿಕೆಯಿತ್ತು. ಆ ಹೆಂಟೆಗಳನ್ನು ಒಳ್ಳೆಯ ಬೆಳೆಯ ಶುಭಸೂಚಕವೆಂದು ಜನರು ಒಯ್ಯುತ್ತಿದ್ದರು. ಸೂರ್ಯನ ಗತಿಯನ್ನು ಅನುಸರಿಸುವ 24 ಕಾಲವಿಭಾಗಗಳಲ್ಲಿ ಲಿಚುನ್ ಮೊದಲನೆಯದು. 2016ರಲ್ಲಿ ಈ ಪದ್ಧತಿಯು ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು. ಆದುದರಿಂದ ಅದು ಪ್ರತಿವರ್ಷವೂ ಫೆಬ್ರುವರಿ 4ರ ಆಸುಪಾಸಿನಲ್ಲಿಯೇ ಬರುತ್ತದೆ.

ನಮ್ಮಲ್ಲಿ ಹಾಗಲ್ಲ. ಹಬ್ಬ ಚಂದ್ರನದು, ಮಳೆಯ ನಕ್ಷತ್ರಗಳು ಸೂರ್ಯನವು. ಮೃಗಶಿರಾ ಜೂನ್ 8ರ, ಆರಿದ್ರಾ 22ರ ಸುಮಾರಿಗೆ ತಪ್ಪದೆ ಹೂಡುತ್ತವೆ. ಆದರೆ ಜ್ಯೇಷ್ಠದ ಹುಣ್ಣಿಮೆ 2023ರಲ್ಲಿ ಜೂನ್ 4ಕ್ಕೆ, ಅಂದರೆ ಮೃಗಶಿರಾಕ್ಕೆ ಮೊದಲೇ ಬಂದಿತ್ತು. ಅಧಿಕ ಜ್ಯೇಷ್ಠವಿರುವ 2026ರಲ್ಲಿ ಅದು ಜೂನ್ 29ಕ್ಕೆ, ಆರಿದ್ರಾ ಹೂಡಿದ ಮೇಲೆ ಬೀಳುತ್ತದೆ. ಎರಡಕ್ಕೂ ಅಂತರ 25 ದಿನ.

ಈ ಅಂತರವೇ ವರ್ತಕರ ಲಾಭ-ನಷ್ಟದ ಮೂಲ. ಹಬ್ಬ ಬೇಗ ಬಂದರೆ ಬೀಜ-ಗೊಬ್ಬರದ ಖರ್ಚೂ ಹಬ್ಬದ ಖರ್ಚೂ ರೈತನ ಮೇಲೆ ಒಮ್ಮೆಗೇ ಬಿದ್ದು ಉದ್ರಿ ಬೆಳೆಯುತ್ತದೆ. ತಡವಾಗಿ ಬಂದರೆ ಹಬ್ಬದ ಖರೀದಿಯು ಅಷ್ಟರೊಳಗಿನ ಮಳೆಯನ್ನು ನೋಡಿ ನಡೆಯುತ್ತದೆ. ಮಳೆ ಕೈಕೊಟ್ಟರೆ ಹಗ್ಗ-ಗೆಜ್ಜೆಗಳು ಅಂಗಡಿಯಲ್ಲೇ ಉಳಿಯುತ್ತವೆ. ತೊಗರಿಯ ಹಣ ಬರುವುದು ಡಿಸೆಂಬರ್-ಜನವರಿಯಲ್ಲಿ, ಹಿಂಗಾರಿ ಬಿಳಿಜೋಳದ್ದು ಅದರ ನಂತರ. ಅಲ್ಲಿಯವರೆಗೆ ಉದ್ರಿ ತಾಳಬೇಕು.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜೋಡಿಗಳು ಕಡಿಮೆಯಾಗಿವೆ. ಹಗ್ಗ ಹೊಸೆಯುವವರ, ಕಮ್ಮಾರರ, ಬಡಿಗರ ಕೆಲಸವೂ ಇಳಿದಿದೆ. ಆದರೆ ಎತ್ತಿಲ್ಲದ ಮನೆಯವರೂ ಮಣ್ಣೆತ್ತನ್ನು ಪೂಜಿಸುತ್ತಾರೆ. ಹಿಂದೆ ಕಾಳಿಗೆ ಪ್ರತಿಯಾಗಿ ಮನೆಬಾಗಿಲಿಗೆ ಬರುತ್ತಿದ್ದ ಈ ಎತ್ತುಗಳು ಈಗ ಸಂತೆಯಲ್ಲಿ ರೊಕ್ಕಕ್ಕೆ ಮಾರಾಟವಾಗುತ್ತವೆ. ಸ್ಥಳೀಯ ಕುಂಬಾರರಿಗೆ ಮುಂಗಡ ಕೊಟ್ಟು ಮಾಡಿಸಿದರೆ ಇಬ್ಬರಿಗೂ ಅನುಕೂಲ.

ಆದುದರಿಂದ ವರ್ತಕ ಬಾಂಧವರು ಬೀಜ-ಗೊಬ್ಬರವನ್ನು ಮಳೆಯ ನಕ್ಷತ್ರ ನೋಡಿ, ಹಬ್ಬದ ಸಾಮಾನನ್ನು ತಿಥಿ ನೋಡಿ ತರಿಸುವುದು ಲೇಸು. ಕಳೆದ ವರ್ಷದ ತಾರೀಖನ್ನು ನಂಬಿ ಸರಕು ತುಂಬಿದವರಿಗೆ ಪಂಚಾಂಗವು ನಷ್ಟ ಕಟ್ಟಿಕೊಡುವುದಿಲ್ಲ.