ತೋಟದ ಕೆರೆಯ ಕೊರವ: ಗಾಳ ಹಾಕುವವರಿಗೆ ಕೆಲವು ಮಾತು

ಅಡಿಕೆ ಕೊಯ್ಲು ಮುಗಿದು, ಕಾಫಿಗೆ ಸ್ಪ್ರಿಂಕ್ಲರ್ ನೀರು ಕೊಟ್ಟು, ಹೂ ಕಟ್ಟಿ, ಇನ್ನು ಬ್ಯಾಕಿಂಗ್ ಮಳೆಗಾಗಿ ಮುಗಿಲು ನೋಡುತ್ತ ಕೂರುವ ದಿನಗಳಲ್ಲಿ ಬೆಳೆಗಾರರಿಗೆ ತುಸು ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತವರನ್ನು ನಮ್ಮ ಸೀಮೆಯಲ್ಲಿ ಎಲ್ಲೆಡೆ ಕಾಣಬಹುದು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಗಾಳದ ಹುಚ್ಚು ಹಿಡಿಸಿಕೊಂಡವರೆಂದು ಕನ್ನಡ ಓದುವವರಿಗೆಲ್ಲ ಗೊತ್ತು. ಕಾಯಿಕೊರಕ, ಕೊಳೆರೋಗ, ಸಾಲದ ಕಂತು ಇವುಗಳ ನಡುವೆ ಮೀನಿನ ವಿಚಾರಕ್ಕೆ ಪತ್ರಿಕೆಯ ಪುಟ ಕೊಟ್ಟದ್ದಕ್ಕೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಕೆರೆಯೂ ತೋಟದ ಆಸ್ತಿಯೇ. ಅದರಲ್ಲಿ ಏನು ಬದುಕಿದೆ, ಏನು ಸಾಯುತ್ತಿದೆ ಎಂಬುದು ನಮಗೆ ಸಂಬಂಧಿಸಿದ ಮಾತೇ.

ಅಮೆರಿಕದಲ್ಲಿ ಕೆರೆಗೆ ಗಾಳ ಹಾಕುವವರ ಪಾಲಿಗೆ ಬಾಸ್ ಎಂಬ ಮೀನೇ ಮೀನು. ಜೊಂಡಿನಲ್ಲಿ ಅವಿತು ಕೂತು, ಎದುರಿಗೆ ಬಂದ ಕಪ್ಪೆ, ಮೀನುಮರಿಯ ಮೇಲೆ ಎರಗುವ ಜಾತಿ. ನಮ್ಮಲ್ಲಿ ಆ ಕೆಲಸ ಮಾಡುವುದು ಕೊರವ. ಕೆಲವು ಊರುಗಳಲ್ಲಿ ಕುಚ್ಚು ಎನ್ನುತ್ತಾರೆ. ಇಂಗ್ಲಿಷಿನವರು ಮುರ್ರೆಲ್ ಎಂದರು. ತಮಾಷೆಯ ಸಂಗತಿ ಎಂದರೆ, ಇದೇ ಕೊರವದ ಚೀನಾ ಕಡೆಯ ದಾಯಾದಿಯೊಂದು 2002ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಎಂಬ ಊರಿನ ಕೊಳದಲ್ಲಿ ಕಾಣಿಸಿಕೊಂಡಾಗ ಅಮೆರಿಕದವರು ತಮ್ಮ ಬಾಸ್ ಮೀನಿನ ಗತಿಯೇನು ಎಂದು ಗಾಬರಿಯಾಗಿ, ಇಡೀ ಕೊಳಕ್ಕೆ ವಿಷ ಹಾಕಿಸಿದರು. ಎರಡೇ ವರ್ಷಕ್ಕೆ, 2004ರಲ್ಲಿ, ಅದು ಪೊಟೊಮ್ಯಾಕ್ ನದಿಯಲ್ಲಿ ಸಿಕ್ಕಿತು. ಅಲ್ಲಿ ಅದು ಪರಸ್ಥಳದ ಪೀಡೆ. ಇಲ್ಲಿ ಕೊರವ ಕೆರೆಯ ಹುಟ್ಟು ಹಕ್ಕುದಾರ.

ಕೊರವವನ್ನು ಹಿಡಿಯಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಅದರ ಉಸಿರಾಟವನ್ನು. ಇತರ ಮೀನಿನಂತೆ ಕಿವಿರುಗಳಿದ್ದರೂ ಅಷ್ಟರಿಂದಲೇ ಅದಕ್ಕೆ ಸಾಲದು. ಆಗಾಗ ಮೇಲೆ ಬಂದು ಬಾಯಿತುಂಬ ಗಾಳಿ ನುಂಗಲೇಬೇಕು. ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಮುಳುಗಿ ಸಾಯುವ ಮೀನು ಇದು! ಬೇಸಿಗೆಯಲ್ಲಿ ಕೆರೆ ಬತ್ತಿದರೆ ಹಸಿ ಕೆಸರಿನಲ್ಲಿ ಹುದುಗಿ ದಿನ ಕಳೆಯುವುದೂ, ಬುಟ್ಟಿಯಲ್ಲಿ ಒದ್ದೆ ಹುಲ್ಲಿನಲ್ಲಿ ಮುಚ್ಚಿಟ್ಟರೆ ಸಂತೆ ಮುಟ್ಟುವ ತನಕ ಜೀವ ಹಿಡಿದಿರುವುದೂ ಇದೇ ಗುಣದಿಂದ. ಗಾಳದವನಿಗೆ ಇದೇ ಸುಳಿವು. ಬೆಳಗಿನ ಹೊತ್ತು ನೀರು ತಿಳಿಯಾಗಿ ನಿಂತಿರುವಾಗ ಏರಿಯ ಮೇಲೆ ಸುಮ್ಮನೆ ಕಾಲು ಗಂಟೆ ಕೂತು ನೋಡಿ. ಜೊಂಡಿನ ಅಂಚಿನಲ್ಲೋ ತಾವರೆ ಎಲೆಗಳ ಸಂದಿನಲ್ಲೋ ‘ಬುಳಕ್’ ಎಂದು ಒಂದು ಸದ್ದು, ಒಂದು ಬಳೆಯಷ್ಟು ಅಲೆ. ಅಲ್ಲೇ ಅದರ ಠಿಕಾಣಿ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಜಾಗದ ಆಸುಪಾಸಿನಲ್ಲಿ ಏಳುತ್ತದೆ. ಬಂದವರೇ ಗಾಳ ಬೀಸುವವರಿಗಿಂತ ಈ ಕಾಲು ಗಂಟೆ ಕಾದವರ ಬುಟ್ಟಿಯೇ ತುಂಬುವುದನ್ನು ನಾವು ಕಂಡಿದ್ದೇವೆ.

ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೈಮೇಲೆ ಓರೆ ಪಟ್ಟೆಯಿದ್ದು ಹೊಟ್ಟೆ ಬೆಳ್ಳಗಿರುವ ಜಾತಿ. ಒಂದು ಕಿಲೋ ತೂಗಿದರೆ ಒಳ್ಳೆಯ ಮೀನು. ಹೊಳೆ ಮತ್ತು ದೊಡ್ಡ ಜಲಾಶಯಗಳಲ್ಲಿ ಇರುವುದು ಬೇರೆ, ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯುಳ್ಳದ್ದು. ಅದು ಹತ್ತು ಕಿಲೋ ದಾಟಿ ಬೆಳೆಯುತ್ತದೆ. ಅದಕ್ಕೆ ತಂಗೂಸಿಯೂ ತೋಳೂ ಗಟ್ಟಿಯಿರಬೇಕು.

ಹೊತ್ತು ಎಂದರೆ ಬೆಳಗಿನಿಂದ ಒಂಬತ್ತು ಗಂಟೆಯ ತನಕ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ. ಮೋಡ ಕವಿದು ಜಿನುಗು ಮಳೆಯಿದ್ದರೆ ಇಡೀ ದಿನ. ಆನೆ ತಿರುಗುವ ಸೀಮೆಯವರು ಮಾತ್ರ ಸಂಜೆಯ ಆಸೆಯನ್ನು ಬಿಡುವುದು ಒಳ್ಳೆಯದು. ಅವುಗಳೂ ಅದೇ ಹೊತ್ತಿಗೆ ಅದೇ ಕೆರೆಗೆ ಬರುತ್ತವೆ, ಮತ್ತು ಸರದಿ ಕಾಯುವುದಿಲ್ಲ. ಹೂವಿಗಾಗಿ ನೀರೆತ್ತಿದ ಮೇಲೆ ಕೆರೆ ಇಳಿದು ಮೀನೆಲ್ಲ ತೂಬಿನ ಕಡೆಯ ಆಳಕ್ಕೆ ಸೇರುವುದರಿಂದ ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಗಾಳಕ್ಕೆ ಕೆಲಸ ಸುಲಭ.

ಸಾಮಗ್ರಿಯ ವಿಚಾರದಲ್ಲಿ ನಮ್ಮದು ಹಳೆಯ ಅಭಿಪ್ರಾಯ: ತೋಟದ ಬಿದಿರಿನ ಗಳ, ಬೆಂಡು, ಎರೆಹುಳು ಇದ್ದರೆ ಮಕ್ಕಳಿಗೆ ಪಕ್ಕೆ ಮೀನು ಹಿಡಿಯಲು ಯಥೇಷ್ಟ. ಆದರೆ ಕೊರವಕ್ಕೆ ಅದು ಸಾಲದು. ಜೊಂಡಿನ ನಡುವಿನಿಂದ ಎಳೆದು ತರಬೇಕಾದ್ದರಿಂದ ಗಿಡ್ಡನೆಯ ಬಿರುಸು ಕೋಲು, ರೀಲು, ಹೆಣೆದ ದಾರ ಬೇಕು; ತೆಳ್ಳನೆಯ ತಂಗೂಸಿ ಮೊದಲ ಎಳೆತಕ್ಕೇ ತುಂಡಾಗಿ, ಬಾಯಲ್ಲಿ ಗಾಳ ಕಚ್ಚಿಕೊಂಡ ಮೀನು ಜೊಂಡಿನಲ್ಲಿ ಸಿಕ್ಕಿ ಮೇಲೇಳಲಾರದೆ ಸಾಯುತ್ತದೆ. ಹಿಂದೆಲ್ಲ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ವಾಡಿಕೆಯಿತ್ತು. ಅದನ್ನು ಬಿಡಬೇಕೆಂದು ನಮ್ಮ ಸಲಹೆ. ಗದ್ದೆಯ ದೊಡ್ಡ ಕಪ್ಪೆ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ. ಕಪ್ಪೆಕಾಲಿನ ರಫ್ತನ್ನು ಸರ್ಕಾರ 1987ರಲ್ಲಿ ನಿಲ್ಲಿಸಿದ್ದೂ ಗದ್ದೆಯ ಹುಳ ತಿನ್ನುವ ಈ ಪ್ರಾಣಿ ಕಡಿಮೆಯಾಗುತ್ತಿದೆಯೆಂದೇ. ಬಾಸ್ ಹಿಡಿಯುವವರು ಬಳಸುವ ರಬ್ಬರಿನ ಕಪ್ಪೆ ಈಗ ಪೇಟೆಯಲ್ಲಿ ಸಿಗುತ್ತದೆ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಪಾಚಿ, ಅಂತರಗಂಗೆಯ ಮೇಲೆ ಎಳೆದರೂ ತೊಡರುವುದಿಲ್ಲ. ಮೀನು ಕಚ್ಚಿದಾಗ ಮಾತ್ರ ರಬ್ಬರು ಅಮುಕಿ ಕೊಕ್ಕೆ ಹೊರಬರುತ್ತದೆ.

ಅದನ್ನು ಮೀನು ಎದ್ದ ಜಾಗದ ತಲೆಯ ಮೇಲೇ ಬೀಳಿಸಬಾರದು. ನಾಲ್ಕು ಮಾರು ಆಚೆಗೆ ಎಸೆದು, ತಡೆದು ತಡೆದು, ನಿಜವಾದ ಕಪ್ಪೆ ಈಜಿ ದಣಿವಾರಿಸಿಕೊಳ್ಳುವಂತೆ ಎಳೆಯುತ್ತ ತರಬೇಕು. ನೀರು ಸಿಡಿದು ಕಪ್ಪೆ ಕಾಣೆಯಾದ ಕ್ಷಣವೇ ಕೋಲು ಎತ್ತುವುದು ಹೊಸಬರ ಚಾಳಿ. ಕೊರವ ಮೊದಲು ಹಿಡಿಯುತ್ತದೆ, ಆಮೇಲೆ ಬಾಯೊಳಗೆ ತಿರುಗಿಸಿಕೊಳ್ಳುತ್ತದೆ. ‘ಒಂದು, ಎರಡು’ ಎಂದು ಮನಸ್ಸಿನಲ್ಲಿ ಎಣಿಸಿ, ದಾರ ಬಿಗಿಯಾದದ್ದು ಕೈಗೆ ತಿಳಿದ ಮೇಲೆ ಬಲವಾಗಿ ಎತ್ತಿ. ಅದರ ಬಾಯಿ ಎಲುಬು. ಮೆಲ್ಲಗೆ ಎತ್ತಿದರೆ ಕೊಕ್ಕೆ ಇಳಿಯುವುದಿಲ್ಲ. ಸಿಕ್ಕಿದ ಮೇಲೆ ಕೋಲಿನ ತುದಿ ಮೇಲಿರಲಿ, ತಲೆ ಕೆಳಗೆ ಮಾಡಲು ಅವಕಾಶ ಕೊಡದೆ ಎಳೆದುಬಿಡಿ. ಹಲ್ಲು ಹರಿತವಾದದ್ದರಿಂದ ಬರಿಗೈಯಲ್ಲಿ ಬಾಯಿಗೆ ಬೆರಳು ಹಾಕದೆ ಇಕ್ಕಳ ಬಳಸಿ. ಒಂದು ಅಡಿಗಿಂತ ಚಿಕ್ಕದನ್ನು ನೀರಿಗೆ ಬಿಡುವುದು ನಮ್ಮ ಕೆರೆಯಲ್ಲಿ ನಾವು ಇಟ್ಟುಕೊಂಡ ನಿಯಮ. ಗಾಳಿ ಉಸಿರಾಡುವ ಮೀನಾದ್ದರಿಂದ ಬಿಟ್ಟದ್ದು ಬದುಕುತ್ತದೆ.

ಇಷ್ಟು ಹಿಡಿಯುವ ಮಾತು. ಹಿಡಿಯದಿರುವ ಮಾತು ಇದಕ್ಕಿಂತ ಮುಖ್ಯವೆಂದು ನಾವು ಭಾವಿಸುತ್ತೇವೆ.

ಮುಂಗಾರು ಹಿಡಿದಾಗ ಕೊರವ ಜೊಂಡಿನ ನಡುವೆ ಸ್ವಲ್ಪ ಜಾಗ ತೆರವು ಮಾಡಿಕೊಂಡು ಮೊಟ್ಟೆಯಿಡುತ್ತದೆ. ಮೊಟ್ಟೆ ತೇಲುವಂಥದು. ಒಂದೆರಡು ದಿನಗಳಲ್ಲಿ ಮರಿಯಾಗಿ, ಕೆಂಪು ಕಿತ್ತಳೆ ಬಣ್ಣದ ಸಾವಿರಗಟ್ಟಲೆ ಮರಿಗಳು ಒಂದೇ ಮುದ್ದೆಯಾಗಿ ನೀರಿನ ಮೇಲ್ಪದರದಲ್ಲಿ ಸುತ್ತುತ್ತಿರುತ್ತವೆ. ಕೆಳಗೆ ತಂದೆ ತಾಯಿ ಎರಡೂ ಕಾವಲು. ಆ ದಿನಗಳಲ್ಲಿ ಮರಿಗಳ ಹತ್ತಿರ ಏನು ಬಂದರೂ, ಹಸಿವಿರಲಿ ಇಲ್ಲದಿರಲಿ, ಮೇಲೆ ಬಿದ್ದು ಕಚ್ಚುತ್ತದೆ. ಇದನ್ನು ಅರಿತವರು ಮರಿಗಳ ಮುದ್ದೆಯ ನಡುವೆಯೇ ಗಾಳ ಹಾಕಿ ಐದು ನಿಮಿಷದಲ್ಲಿ ದೊಡ್ಡ ಮೀನು ಎತ್ತಿ ಜಂಬ ಕೊಚ್ಚುತ್ತಾರೆ. ಇದರಲ್ಲಿ ಜಾಣತನವೇನೂ ಇಲ್ಲ. ಕಾವಲು ತಪ್ಪಿದ ಮರಿಗಳನ್ನು ಪಕ್ಕೆಯಿಂದ ಹಿಡಿದು ಮಿಂಚುಳ್ಳಿಯವರೆಗೆ ಎಲ್ಲವೂ ತಿಂದು ಮುಗಿಸುತ್ತವೆ. ಒಂದು ಊಟದ ಸಾರಿಗೆ ಒಂದು ವರ್ಷದ ಸಂತತಿ ಹೋಯಿತು. ನಮ್ಮ ಸೀಮೆಯ ಎಷ್ಟೋ ಕೆರೆಗಳಲ್ಲಿ ಈಚೆಗೆ ಆ ಕೆಂಪು ಮುದ್ದೆ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಆದ್ದರಿಂದ ಮೃಗಶಿರಾ ಮಳೆಯಿಂದ ಮಖೆ ಕಳೆಯುವ ತನಕ ಗಾಳವನ್ನು ಅಟ್ಟಕ್ಕೇರಿಸಿರೆಂದು ಸದಸ್ಯರಲ್ಲಿ ಕೇಳಿಕೊಳ್ಳುತ್ತೇವೆ. ಹೇಗೂ ಆ ದಿನಗಳಲ್ಲಿ ಔಷಧಿ ಹೊಡೆಯುವುದು, ಬಸಿಗಾಲುವೆ ಬಿಡಿಸುವುದು, ನೆರಳು ಸವರುವುದು ಎಂದು ಕೈ ತುಂಬ ಕೆಲಸವಿರುತ್ತದೆ.

ಹತ್ತುಮೀನಿನ ಮಾತೂ ಇದೇ. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಹತ್ತುವ ಮೀನಿಗೆ ಕೂಳಿ ಒಡ್ಡುವುದು ಅಜ್ಜನ ಕಾಲದಿಂದ ಬಂದ ಸಂಭ್ರಮ. ಅದನ್ನು ಪೂರಾ ನಿಲ್ಲಿಸಿ ಎಂದರೆ ನಮ್ಮ ಮನೆಯಲ್ಲೇ ಕೇಳುವವರಿಲ್ಲ. ಕಾಲುವೆಗೆ ಅಡ್ಡಲಾಗಿ ಪೂರಾ ಕಟ್ಟದೆ ಅರ್ಧ ದಾರಿ ಬಿಟ್ಟು ಒಡ್ಡಿದರೆ ಸಾಕು.

ಗಾಳಕ್ಕೂ ಕೂಳಿಗೂ ಒಂದು ಮರ್ಯಾದೆಯಿದೆ. ಮೈಲುತುತ್ತಕ್ಕೆ, ಬ್ಲೀಚಿಂಗ್ ಪುಡಿಗೆ, ತೋಟೆಗೆ ಅದಿಲ್ಲ. ಹಿಂದಿನವರು ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಅದೂ ವಿಷವೇ. ಈಗಿನದು ಮೀನಿನ ಜತೆ ಏಡಿ, ಕಪ್ಪೆ, ನೀರಿನ ಹುಳ ಎಲ್ಲವನ್ನೂ ತೊಳೆದುಬಿಡುತ್ತದೆ. ಶಿಶಿಲದ ಕಪಿಲಾ ಹೊಳೆಯಲ್ಲಿ ಜನ ದೇವರೆಂದು ಅಕ್ಕಿ ಹಾಕಿ ಸಾಕಿದ ಮೀನುಗಳಿಗೆ 1996ರಲ್ಲಿ ವಿಷವಿಕ್ಕಿದ್ದರಿಂದ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ನೀರಿಗೆ ವಿಷ ಅಥವಾ ಸಿಡಿಮದ್ದು ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ. ಇನ್ನು ಪಂಪ್‌ಸೆಟ್ಟಿನ ವಯರನ್ನು ನೀರಿಗಿಳಿಸಿ ಕರೆಂಟು ಕೊಡುವವರಿದ್ದಾರೆ. ಮೀನು ಸಾಯುವ ನೀರಿನಲ್ಲಿ ಮೀನು ಹೆಕ್ಕಲು ಇಳಿದ ಹುಡುಗನೂ ಸಾಯುತ್ತಾನೆ. ತೋಟದಲ್ಲಿ ಅಂಥದು ನಡೆಯದಂತೆ ಪಂಪ್‌ಹೌಸಿಗೆ ಬೀಗ ಹಾಕಿಸಿ, ಕೀಲಿಯನ್ನು ರೈಟರ ಬಳಿಯೇ ಇಡಿಸಿ. ಪಂಚಾಯತಿಯ ಅಥವಾ ಇಲಾಖೆಯ ಕೆರೆಯಾದರೆ ಗುತ್ತಿಗೆ ಹಿಡಿದವರ ಒಪ್ಪಿಗೆಯಿಲ್ಲದೆ ಗಾಳ ಹಾಕಬೇಡಿ. ಅಭಯಾರಣ್ಯದೊಳಗಿನ ನೀರಿನ ತಂಟೆಗೆ ಹೋಗಲೇಬೇಡಿ.

ಕೊಲ್ಲುವ ಮನಸ್ಸಿಲ್ಲದೆ ಕೊಲ್ಲುವುದೂ ಉಂಟು, ಅದು ನಮ್ಮ ಕಸುಬಿಗೇ ಅಂಟಿದ್ದು. ಶೇಕಡ ಒಂದರ ಬೋರ್ಡೋ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೆ ಆ ಪೀಪಾಯಿ, ಬಕೀಟು, ಗಟಾರು ಪಂಪನ್ನು ಸಂಜೆ ಎಲ್ಲಿ ತೊಳೆಯುತ್ತಾರೆ ಎಂದು ನೋಡಿದ್ದೀರಾ? ತಾಮ್ರ ಮೀನಿಗೆ ವಿಷ. ಗಡುಸು ನೀರಿಗಿಂತ ಮಲೆನಾಡಿನ ಮೆದು ನೀರಿನಲ್ಲಿ ಅದರ ಕೇಡು ಹೆಚ್ಚು. ಅದರಲ್ಲೂ ಸುಣ್ಣ ಬೆರೆಸದ ಮೈಲುತುತ್ತದ ನೀರು. ಕೆರೆಗೂ ಕಾಲುವೆಗೂ ದೂರದಲ್ಲಿ ಒಂದು ಗುಂಡಿ ತೋಡಿಸಿ, ತೊಳೆದ ನೀರನ್ನು ಸುಣ್ಣ ಹಾಕಿ ಅದಕ್ಕೇ ಚೆಲ್ಲಿಸಿ. ನೀರನ್ನು ಕೆರೆಯಿಂದ ಹೊತ್ತು ತರಲಿ, ಡ್ರಮ್ಮನ್ನು ಕೆರೆಗೆ ಒಯ್ಯುವುದು ಬೇಡ.

ಪಲ್ಪರ್ ನೀರಿನದು ಬೇರೆ ಬಗೆ. ಅದರಲ್ಲಿರುವ ಹಣ್ಣಿನ ಸಕ್ಕರೆ, ಲೋಳೆ ಹುಳಿತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಡಿಸೆಂಬರ್, ಜನವರಿಯಲ್ಲಿ ನಸುಕಿಗೆ ಕೆರೆಗೆ ಹೋಗಿ ನೋಡಿ: ಕಾಟ್ಲ, ರೋಹು ಬಾಯಿ ಮೇಲೆ ಮಾಡಿ ಏದುಸಿರು ಬಿಡುತ್ತಿದ್ದರೆ ಅದೇ ಕಾರಣವಿರಬಹುದು. ಕೊರವ, ಚೇಳುಮೀನು ಗಾಳಿ ಕುಡಿದು ಉಳಿದುಕೊಳ್ಳುತ್ತವೆ. ಹೀಗಾಗಿ ‘ಕೊರವ ಬೇಕಾದಷ್ಟಿದೆ, ನಮ್ಮ ಕೆರೆಗೆ ಏನೂ ಆಗಿಲ್ಲ’ ಎನ್ನುವವರು ಬೇರೆ ಮೀನು ಎಲ್ಲಿ ಹೋಯಿತೆಂದು ಕೇಳಿಕೊಳ್ಳಬೇಕು. ಪಲ್ಪರ್ ನೀರನ್ನು ಗುಂಡಿಗಳಲ್ಲಿ ತಡೆದು ಸುಣ್ಣ ಹಾಕದೆ ಹಳ್ಳಕ್ಕೆ ಬಿಡುವುದು ಕೆಳಗಿನ ತೋಟದವನ ಕುಡಿಯುವ ನೀರಿಗೂ ಅನ್ಯಾಯ.

ಕಾಟ್ಲ, ರೋಹು ಬಿತ್ತನೆ ಮಾಡುವವರು ಕೊರವವನ್ನು ಶತ್ರುವೆಂದು ಬಗೆಯುತ್ತಾರೆ. ಬೆರಳುದ್ದದ ಮರಿ ಬಿಟ್ಟರೆ ಅದು ತಿನ್ನುವುದು ನಿಜ. ಅಂಗೈಯುದ್ದ ಬೆಳೆಸಿ ಬಿಟ್ಟರೆ ಬಹುಪಾಲು ಉಳಿಯುತ್ತದೆ. ಬೇಗ ಬೆಳೆಯುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ತರಬೇಡಿ. ಅದರ ಸಾಕಣೆಗೆ ನಿಷೇಧವಿದೆ, ಕೋಡಿ ಬಿದ್ದಾಗ ತಪ್ಪಿಸಿಕೊಂಡು ಹಳ್ಳಕ್ಕೆ ಸೇರಿದರೆ ಹಿಂದಕ್ಕೆ ಕರೆಯುವಂತಿಲ್ಲ. ಚಳಿಗಾಲದಲ್ಲಿ ಮೈಮೇಲೆ ಕೆಂಪು ಹುಣ್ಣಾದ ಕೊರವ ಸಿಕ್ಕರೆ ಅದು 1988ರಲ್ಲಿ ಈಶಾನ್ಯದ ಕಡೆಯಿಂದ ದೇಶದೊಳಕ್ಕೆ ಬಂದ ಹುಣ್ಣುರೋಗವಿರಬಹುದು. ಆ ಕೆರೆಯ ಮೀನನ್ನಾಗಲಿ ನೀರನ್ನಾಗಲಿ ಬೇರೆ ಕೆರೆಗೆ ಒಯ್ಯದೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ಕೊನೆಯದಾಗಿ ಪ್ಲಾಸ್ಟಿಕ್ ಹಾಸಿನ ಹೊಂಡಗಳ ವಿಷಯ. ಈಗ ಬಹಳ ತೋಟಗಳಲ್ಲಿ ಇವಿವೆ, ಮಕ್ಕಳು ಗಾಳ ಹಿಡಿದು ಅಲ್ಲಿಗೂ ಹೋಗುತ್ತಾರೆ. ಮಣ್ಣಿನ ಕೆರೆಯಲ್ಲಿ ಬಿದ್ದವರಿಗೆ ಬೇರೋ ಜೊಂಡೋ ಕೈಗೆ ಸಿಗುತ್ತದೆ. ಇಲ್ಲಿ ಪಾಚಿ ಕಟ್ಟಿದ ಹಾಸಿನ ಮೇಲೆ ಈಜು ಬಲ್ಲವನೂ ಹತ್ತಿ ಬರಲಾರ. ಸುತ್ತ ಬೇಲಿ, ನಾಲ್ಕೂ ಮೂಲೆಯಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಟ್ಟ ಗಂಟುಹಗ್ಗ, ಒಂದು ಹಳೆಯ ಟ್ಯೂಬು: ಇಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ. ಲೈನ್‌ಮನೆಯ ಮಕ್ಕಳಿಗೂ ಹಗ್ಗ ಎಲ್ಲಿದೆಯೆಂದು ತೋರಿಸಿಡಿ.

ಮಳೆಗಾಲದ ಮೂರು ತಿಂಗಳು ತಮ್ಮ ಕೆರೆಯಲ್ಲಿ ಗಾಳ ನಿಲ್ಲಿಸಲು ಒಪ್ಪುವ ಸದಸ್ಯರು ಮೈಲುತುತ್ತ ಒಯ್ಯಲು ಕಚೇರಿಗೆ ಬಂದಾಗ ತಿಳಿಸಿದರೆ ಹೆಸರು ಬರೆದುಕೊಳ್ಳುತ್ತೇವೆ. ಕೆರೆಯಲ್ಲಿ ಕೆಂಪು ಮರಿಗಳ ಮುದ್ದೆ ಕಂಡವರು ಯಾವ ತಾರೀಕು, ಎಷ್ಟು ಜಾಗದಲ್ಲಿ ಎಂದು ಒಂದು ಚೀಟಿ ಕೊಟ್ಟರೂ ಸಾಕು.