ಸರಕಾರಕ್ಕೆ ಕಳಿಸುವ ಬಿಲ್ಲು

ಪರಊರುಗಳಲ್ಲಿ ನೆಲಸಿದ ನಮ್ಮವರಲ್ಲಿ ಸರಕಾರಿ ಕಚೇರಿಗಳಿಗೆ ಸಾಮಾನು ಒದಗಿಸಿ ಸಂಸಾರ ಸಾಗಿಸುವವರೂ ಇದ್ದಾರೆ. ಕುರ್ಚಿಯಾಗಲಿ, ಆಸ್ಪತ್ರೆಯ ಹೊದಿಕೆಯಾಗಲಿ, ಕ್ಯಾಂಟೀನಿನ ಊಟವಾಗಲಿ, ಗೋಳು ಮಾತ್ರ ಒಂದೇ: ಸಾಮಾನು ತಲುಪಿತು, ಬಿಲ್ಲು ಯಾವ ಮೇಜಿನ ಮೇಲಿದೆ? ಗುಮಾಸ್ತರು ಕಾಗದ ನೋಡಿ ಅಂಕಿಗಳನ್ನೆಲ್ಲ ಮತ್ತೆ ಬೆರಳಚ್ಚು ಮಾಡಬೇಕು. ಒಂದು ತಪ್ಪಿದರೂ ಬಿಲ್ಲು ಹಿಂದಕ್ಕೆ. ಅಷ್ಟರಲ್ಲಿ ಇಲ್ಲಿ ಸಾಲ ತಂದು ಕೆಲಸದವರಿಗೆ ಸಂಬಳ ಕೊಟ್ಟಾಗಿರುತ್ತದೆ.

ಡೆನ್ಮಾರ್ಕ್ ದೇಶವು 2005ರಲ್ಲಿಯೇ ಸರಕಾರಕ್ಕೆ ಬರುವ ಬಿಲ್ಲುಗಳು ವಿದ್ಯುನ್ಮಾನ ರೂಪದಲ್ಲಿಯೇ ಬರಬೇಕೆಂದು ಕಟ್ಟು ಮಾಡಿತು. ಮುಂದೆ ಇತರರೂ ಮಾಡಿದರು, ಆದರೆ ತಮ್ಮ ತಮ್ಮ ನಮೂನೆಯಲ್ಲಿ. ಗಡಿ ದಾಟಿದ ಬಿಲ್ಲು, ಭಾಷೆ ಬಾರದ ಊರಿಗೆ ಬಂದಿಳಿದವನಂತಾಯಿತು. (ಆ ಪಾಡನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.) ಆದುದರಿಂದ ಐರೋಪ್ಯ ಒಕ್ಕೂಟವು 2014ರಲ್ಲಿ ಆಜ್ಞೆ ಹೊರಡಿಸಿ, 2017ರಲ್ಲಿ ಎಲ್ಲರಿಗೂ ಸಲ್ಲುವ ಒಂದು ಮಾನಕವನ್ನು ಪ್ರಕಟಿಸಿತು. 2019ರ ಏಪ್ರಿಲಿನಿಂದ ಕೇಂದ್ರ ಕಚೇರಿಗಳೂ, ಮರುವರ್ಷದೊಳಗೆ ನಗರಸಭೆಗಳೂ ಆ ರೂಪದ ಬಿಲ್ಲನ್ನು ಒಲ್ಲೆನೆನ್ನುವಂತಿಲ್ಲವೆಂದಾಯಿತು. ಬಿಲ್ಲಿನ ಚಿತ್ರ ತೆಗೆದು ಕಳಿಸಿದರೆ ಇದಾಗುವುದಿಲ್ಲ. ಇದು ಆರ್ಡರಿನ ಸಂಖ್ಯೆ, ಇದು ತೆರಿಗೆ, ಇದು ಕೊಡಬೇಕಾದ ಮೊತ್ತ ಎಂದು ಯಂತ್ರವೇ ಓದಿಕೊಳ್ಳುವಂತಿರಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಜಿ.ಎಸ್.ಟಿ. ಬಾಗಿಲಿನಿಂದ ಒಳಬಂದಿತು. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಒಂದೇ ನಮೂನೆ ಕಡ್ಡಾಯವಾಯಿತು. 2023ರ ಆಗಸ್ಟ್ 1ರಿಂದ ಆ ಮಿತಿ 5 ಕೋಟಿಗಿಳಿಯಿತು. ತೆರಿಗೆ ಹಿಡಿದುಕೊಳ್ಳುವುದಕ್ಕಷ್ಟೇ ನೋಂದಾಯಿಸಿಕೊಂಡ ಸರಕಾರಿ ಇಲಾಖೆಗೆ ಕಳಿಸುವ ಬಿಲ್ಲಿಗೂ ಇದು ಅನ್ವಯಿಸುವುದೆಂದು 2023ರ ಜುಲೈಯಲ್ಲಿ ಸ್ಪಷ್ಟಪಡಿಸಿದರು. ಇದಕ್ಕೆ ಮೊದಲೇ, 2022ರ ಮಾರ್ಚ್‌ನಲ್ಲಿ, ಕೇಂದ್ರದ ಕೆಲವು ಮಂತ್ರಾಲಯಗಳು ಅಂಕೀಯ ಸಹಿಯುಳ್ಳ ಬಿಲ್ಲನ್ನು ಮನೆಯಿಂದಲೇ ಸ್ವೀಕರಿಸಿ, ಮೊದಲು ಬಂದದ್ದನ್ನು ಮೊದಲು ತೀರಿಸುವ ಏರ್ಪಾಡನ್ನು ಆರಂಭಿಸಿದವು.

ಯಂತ್ರಕ್ಕೆ ಬಿಲ್ಲು ತಿಳಿದ ಮಾತ್ರಕ್ಕೆ ಖಜಾನೆ ತೆರೆಯುವುದಿಲ್ಲ, ನಿಜ. ಆದರೆ “ನಿಮ್ಮ ಬಿಲ್ಲು ಬಂದೇ ಇಲ್ಲ” ಎನ್ನುವ ಹಳೆಯ ಮಾತಿಗೆ ಎಡೆ ಕಡಿಮೆಯಾಗುತ್ತದೆ. ನಮ್ಮ ಎಣಿಕೆಯಲ್ಲಿ ಇದೇ ದೊಡ್ಡ ಲಾಭ. ಏಕೆಂದರೆ 2006ರ ಕಾಯಿದೆಯ ಪ್ರಕಾರ ಸಣ್ಣ ಉದ್ದಿಮೆದಾರರಿಗೆ ಹಣ ಕೊಡಲು ಕರಾರಿನಲ್ಲಿ 45 ದಿನಕ್ಕಿಂತ ಹೆಚ್ಚು ಅವಧಿ ಇಡುವಂತಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಹಕ್ಕು ತಯಾರಿಕೆ ಅಥವಾ ಸೇವೆ ನಡೆಸುವವರದು, ಬರಿಯ ಮಾರಾಟಗಾರರದಲ್ಲ. ಉದ್ಯಮ್ ನೋಂದಣಿ ಮಾಡಿಸಿಕೊಂಡವರು ಸರಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ಬಿಲ್ಲಿನ ಜೊತೆಗೆ ಆರ್ಡರಿನ ಪ್ರತಿಯನ್ನೂ ಜೋಪಾನವಾಗಿಟ್ಟಿರಬೇಕು.