ಚಳಿಗಾಲದ ಕಡಲ ಮೀನು: ತಪ್ಪು ಕಲ್ಪನೆ ಮತ್ತು ಸತ್ಯ

ಕೆಜಿಎಫ್‌, ಬಂಗಾರಪೇಟೆಗಳಲ್ಲಿ ಕಡಲ ಮೀನನ್ನು ಕೊಡುವಾ, ಶಂಕರಾ, ಕಲವಾ ಎಂದು ತಮಿಳು ಹೆಸರಿನಲ್ಲೇ ಕೇಳುವುದು ರೂಢಿ. ಮಂಗಳೂರಿಗಿಂತ ಚೆನ್ನೈ ಕಡಲೇ ನಮಗೆ ಹತ್ತಿರ. ಆದರೂ ಕಡಲಿನ ಬಗ್ಗೆ ಕೆಲವು ತಪ್ಪು ನಂಬಿಕೆಗಳು ನಮ್ಮಲ್ಲಿ ಬೇರೂರಿವೆ.

ತಪ್ಪು ಕಲ್ಪನೆ: ಚಳಿಗಾಲದಲ್ಲಿ ಸಮುದ್ರ ತಣ್ಣಗಾಗಿ ಮೀನು ಸಿಗುವುದಿಲ್ಲ.

ಸತ್ಯ: ಜನವರಿಯ ಮುಂಜಾನೆ ಇಲ್ಲಿ ಮೈ ನಡುಗಿದರೂ ನಮ್ಮ ಕರಾವಳಿಯ ನೀರಿನ ಮೇಲ್ಮೈ ಸುಮಾರು 27–28 ಡಿಗ್ರಿ ಸೆಲ್ಸಿಯಸ್‌ ಇರುತ್ತದೆ. ನವೆಂಬರ್‌ನಲ್ಲಿ ನಮಗೆ ಜಡಿಮಳೆ ತರುವ ವಾಯುಭಾರ ಕುಸಿತ ತಮಿಳುನಾಡಿನ ದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತದೆ ನಿಜ. ಆದರೆ ಆಗ ಅರಬ್ಬಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮುಂಗಾರಿನಲ್ಲಿ ಆಳದ ಪೋಷಕಾಂಶ ಮೇಲೆದ್ದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕ ಹೆಚ್ಚುತ್ತದೆ. ಅದನ್ನು ತಿಂದು ಕೊಬ್ಬಿದ ಬೂತಾಯಿ, ಬಂಗುಡೆ ಮಳೆಗಾಲ ಮುಗಿದ ಮೇಲೆಯೇ ಮಲ್ಪೆ, ಮಂಗಳೂರಿನ ಬಲೆಗಳಿಗೆ ಹೇರಳವಾಗಿ ಬೀಳುತ್ತವೆ.

ತಪ್ಪು ಕಲ್ಪನೆ: ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬರೀ ಕೆಸರು, ಹವಳ ಬರೀ ಕಲ್ಲು.

ಸತ್ಯ: ಹವಳದ ದಿಬ್ಬವನ್ನು ಕಟ್ಟುವುದು ಸಣ್ಣ ಸಣ್ಣ ಜೀವಿಗಳು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಅವು ಇಂದಿಗೂ ಇವೆ. ಶಂಕರಾ ಮೀನಿನ ಬಳಗದ ಕೆಂಬೇರಿ ಮರಿಯಾಗಿದ್ದಾಗ ಕಾಂಡ್ಲಾ ಬೇರುಗಳ ಸಂದಿಯಲ್ಲಿ ಅಡಗಿ ಬೆಳೆಯುತ್ತದೆ; ದೊಡ್ಡದಾದ ಮೇಲೆ ಕಡಲಿನ ಬಂಡೆ, ಹವಳದ ದಿಬ್ಬಗಳತ್ತ ಹೋಗುತ್ತದೆ. ಒಂದು ನೆಲೆ ಹಾಳಾದರೆ ಇನ್ನೊಂದೂ ಬರಿದಾಗುತ್ತದೆ. ಕಾಂಡ್ಲಾ ಕಾಡುಗಳಿರುವ ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್‌ ಪಟ್ಟಿಗೆ ಸೇರಿದೆ.

ತಪ್ಪು ಕಲ್ಪನೆ: ದೊಡ್ಡ ಮೀನು ಮುದಿಯಾಗಿರುತ್ತದೆ, ಹಿಡಿದರೆ ನಷ್ಟವಿಲ್ಲ.

ಸತ್ಯ: ಕೊಡುವಾ ಸಾಮಾನ್ಯವಾಗಿ ಮೊದಲು ಗಂಡಾಗಿದ್ದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ದೊಡ್ಡದನ್ನೇ ಆರಿಸಿ ಹಿಡಿದರೆ ಮೊಟ್ಟೆಯಿಡುವವೇ ಹೋಗುತ್ತವೆ. ಹವಳದ ದಿಬ್ಬದ ಕಲವಾ ಮೀನಿನ ಹಲವು ಜಾತಿಗಳಲ್ಲಿ ಇದು ತಿರುವುಮುರುವು: ಮೊದಲು ಹೆಣ್ಣು, ಆಮೇಲೆ ಗಂಡು. ಅಲ್ಲಿ ದೊಡ್ಡವು ಹೋದರೆ ಗಂಡುಗಳಿಗೆ ಬರ. ಮರಿ ಬಿಟ್ಟರೆ ಸಾಲದು, ಹಿರಿಯ ಮೀನುಗಳೂ ಉಳಿಯಬೇಕು.

ತಪ್ಪು ಕಲ್ಪನೆ: ಸ್ವಲ್ಪ ಕೆಟ್ಟಿದ್ದರೂ ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತದೆ.

ಸತ್ಯ: ಐಸ್‌ ಇಲ್ಲದೆ ಬಿಸಿಲಿಗೆ ಬಿದ್ದ ಬಂಗುಡೆ, ಬೂತಾಯಿ, ಸೂರೈಗಳಲ್ಲಿ ಹಿಸ್ಟಮಿನ್‌ ಹೆಚ್ಚುತ್ತದೆ. ಎಷ್ಟು ಕುದಿಸಿದರೂ ಅದು ನಾಶವಾಗದು; ಮುಖ ಕೆಂಪೇರಿ, ದದ್ದು, ತಲೆನೋವು ಬರಬಹುದು. ಹಾಗೆಂದು ದೂರದಿಂದ ಬಂದ ಮೀನೆಲ್ಲ ಹಳಸಿದ್ದೆಂದಲ್ಲ. ಥರ್ಮಾಕೋಲ್‌ ಪೆಟ್ಟಿಗೆಯಲ್ಲಿ ಐಸ್‌ ಕರಗದೆ ಮೀನನ್ನು ಮುಚ್ಚಿದೆಯೇ ನೋಡಿ. ಕಿವಿರು ಎತ್ತಿದರೆ ಕೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಿಂದ ಒತ್ತಿದ ಗುಳಿ ತಕ್ಷಣ ತುಂಬಬೇಕು.

ಕಡಲು ದೂರವಿದೆಯೆಂದು ಅದರ ಹೊಣೆ ನಮಗೆ ತಪ್ಪುವುದಿಲ್ಲ. ಕೊಳ್ಳುವವರು ಅಂಗೈಯುದ್ದದ ಕೊಡುವಾ ಮರಿಯನ್ನೂ ಮೊಳಗಟ್ಟಲೆ ಉದ್ದದ ಕಲವಾವನ್ನೂ ಬಿಟ್ಟು ನಡುಗಾತ್ರದ ಮೀನು, ಋತುವಿನ ಬಂಗುಡೆ ಕೇಳಿದರೆ, ಮಾರುವವರು ಅದನ್ನೇ ತರಿಸುತ್ತಾರೆ.